ಮುಚ್ಚಿದ ಕಾರ್ಖಾನೆಗೂ ಒಂದು ಗಡುವು ಬೇಕು

2023ರ ಜೂನ್ 15ರಂದು ಸೊಲ್ಲಾಪುರದ ಸಿದ್ಧೇಶ್ವರ ಸಹಕಾರಿ ಸಕ್ಕರೆ ಕಾರ್ಖಾನೆಯ ಸುಮಾರು 90 ಮೀಟರ್ ಎತ್ತರದ ಚಿಮಣಿಯನ್ನು ಮಹಾನಗರ ಪಾಲಿಕೆ ನೆಲಕ್ಕುರುಳಿಸಿತು. ಚಿಮಣಿಗೆ ಪರವಾನಗಿ ಇರಲಿಲ್ಲ, ಹೋಟಗಿ ರಸ್ತೆಯ ವಿಮಾನ ನಿಲ್ದಾಣಕ್ಕೆ ಅದು ಅಡ್ಡಿಯಾಗಿತ್ತು ಎಂಬುದು ಕೆಡವಿದವರ ವಾದ. ಚಿಮಣಿ ಹೋದರೆ ಕಬ್ಬು ನುರಿಸುವುದು ಹೇಗೆ ಎಂಬುದು ಷೇರುದಾರ ರೈತರ ಪ್ರಶ್ನೆ. ಊರು ಎರಡು ಪಾಳಯವಾಯಿತು. ಚಿಮಣಿ ಬಿದ್ದ ಮೇಲೆ ಆ ನಿಲ್ದಾಣದಿಂದ ಗೋವಾಕ್ಕೆ ಮೊದಲ ವಿಮಾನ ಹಾರಿದ್ದು 2025ರ ಜೂನ್ 9ರಂದು. ಕೆಡವಲು ತೋರಿದ ಅವಸರ, ಕೆಡವಿದ ಉದ್ದೇಶವನ್ನು ಈಡೇರಿಸುವಲ್ಲಿ ಕಾಣಲಿಲ್ಲ.

ಅದು ಉಸಿರಾಡುತ್ತಿದ್ದ ಕಾರ್ಖಾನೆಯ ಚಿಮಣಿ. ಮಹಾರಾಷ್ಟ್ರ-ಕರ್ನಾಟಕ ನಡುವಿನ, ಔರಾದ ಶಹಾಜನಿ ಊರಿನ ಸುತ್ತಲಿನ ಗಡಿಸೀಮೆಯಲ್ಲಿ ಚರ್ಚೆಯಾಗಬೇಕಾದದ್ದು ಉಸಿರು ನಿಂತ ಕಾರ್ಖಾನೆಗಳ ವಿಷಯ. ದೇವಣಿ ತಳಿಯ ದನಗಳಿಗೆ ಹೆಸರಾದ ಈ ನಾಡಿನ ಉದಗೀರ್‌ನಲ್ಲಿ ಸರ್ಕಾರಿ ಹಾಲಿನ ಪುಡಿ ಘಟಕ ವರ್ಷಗಳಿಂದ ನಿಂತಿದೆ. ನಿಲಂಗಾ ತಾಲ್ಲೂಕಿನ ಅಂಬುಲಗಾ ಸಕ್ಕರೆ ಕಾರ್ಖಾನೆ ದೀರ್ಘಕಾಲ ಬೀಗ ಹಾಕಿಸಿಕೊಂಡಿದ್ದು, ಖಾಸಗಿಯವರ ಕೈಗೆ ಹೋದ ಮೇಲೆ ಮತ್ತೆ ಕಬ್ಬು ನುರಿಸಿತು. ಗಡಿಯ ಈಚೆ ಹಳ್ಳಿಖೇಡ ಬಿ ಗ್ರಾಮದ ಬೀದರ್ ಸಹಕಾರಿ ಸಕ್ಕರೆ ಕಾರ್ಖಾನೆ ಸಾಲದ ಹೊರೆಯಲ್ಲಿ ಬಾಗಿಲು ಹಾಕಿತು. 1956ರವರೆಗೆ ನಿಲಂಗಾ, ಉದಗೀರ್ ಎರಡೂ ಬೀದರ್ ಜಿಲ್ಲೆಯ ತಾಲ್ಲೂಕುಗಳೇ. ರಾಜ್ಯ ಬೇರೆಯಾದರೂ ಸಂಕಟ ಬೇರೆಯಾಗಲಿಲ್ಲ.

ಮುಂಬೈ, ಬೆಂಗಳೂರಿನಂಥ ನಗರಗಳಲ್ಲಿ ಇಂಥ ಕಟ್ಟಡಗಳ ಬಗ್ಗೆ ಎರಡು ಮಾತುಗಳು ಕೇಳುತ್ತವೆ: ಉಳಿಸಿ ಅಥವಾ ಕೆಡವಿ. ನಮ್ಮ ಕಡೆ ಮೂರನೆಯದೊಂದಿದೆ, ಅದೇ ಎಲ್ಲಕ್ಕಿಂತ ಗಟ್ಟಿಯಾದ ದನಿ: ಮತ್ತೆ ಶುರು ಮಾಡಿ. ಉದಗೀರ್‌ನ ಹಾಲಿನ ಪುಡಿ ಘಟಕದ ಹೋರಾಟದ ಬೇಡಿಕೆ ಅದೇ, ಹಳ್ಳಿಖೇಡದ ರೈತರ ಬೇಡಿಕೆಯೂ ಅದೇ. ಈ ಮಾತನ್ನು ಹಗುರವಾಗಿ ಕಾಣುವಂತಿಲ್ಲ. ಷೇರು ಹಣ ಕಟ್ಟಿದವರು ರೈತರು, ಜಮೀನು ಬಿಟ್ಟುಕೊಟ್ಟವರು ಅಕ್ಕಪಕ್ಕದ ಹಳ್ಳಿಯವರು, ಸಂಬಳದ ಬಾಕಿಗೆ ಕಾಯುತ್ತ ಮುದುಕರಾದವರು ಕಾರ್ಮಿಕರು. ಅವರ ಮುಂದೆ ನಿಂತು ಪರಂಪರೆಯ ಮಾತಾಡಿದರೆ, ಹಸಿದವನಿಗೆ ತಾಂಬೂಲ ಕೊಟ್ಟಂತಾದೀತು.

ಆದರೆ ಇದೇ ಬೇಡಿಕೆ ರಾಜಕಾರಣಿಗಳಿಗೆ ಅನುಕೂಲದ ನೆಪವೂ ಆಗಿದೆ. ಪ್ರತಿ ಚುನಾವಣೆಗೂ ಕಾರ್ಖಾನೆ ಆರಂಭದ ಭರವಸೆ ಬರುತ್ತದೆ. ಭರವಸೆ ಜೀವಂತ ಇರುವಷ್ಟು ದಿನ ಬೇರೆ ಯಾವ ನಿರ್ಧಾರವೂ ಆಗುವುದಿಲ್ಲ. ಅಷ್ಟರಲ್ಲಿ ತಗಡಿನ ಚಾವಣಿ ತುಕ್ಕು ಹಿಡಿಯುತ್ತದೆ, ತಾಮ್ರದ ತಂತಿ ರಾತ್ರೋರಾತ್ರಿ ಮಾಯವಾಗುತ್ತದೆ, ಬಾಯ್ಲರ್ ಒಳಗೆ ಮುಳ್ಳುಕಂಟಿ ಬೆಳೆಯುತ್ತದೆ. ಹತ್ತು ಹದಿನೈದು ವರ್ಷ ಕಳೆದ ಮೇಲೆ ಯಂತ್ರ ಓಡುವ ಸ್ಥಿತಿಯಲ್ಲಿರುವುದಿಲ್ಲ, ಕಟ್ಟಡ ಉಳಿಸುವ ಸ್ಥಿತಿಯಲ್ಲಿರುವುದಿಲ್ಲ. ಕೊನೆಗೆ ಉಳಿಯುವುದು ಒಂದೇ ದಾರಿ, ಗುಜರಿಯ ದರದಲ್ಲಿ ಹರಾಜು. 2002ರ ಸರ್ಫೇಸಿ ಕಾಯ್ದೆ ಸಾಲ ಕೊಟ್ಟ ಬ್ಯಾಂಕಿಗೆ ಆಸ್ತಿ ವಶಪಡಿಸಿಕೊಂಡು ಮಾರುವ ಅಧಿಕಾರ ಕೊಟ್ಟಿದೆ; ಬ್ಯಾಂಕು ನೋಡುವುದು ಸಾಲದ ಲೆಕ್ಕವನ್ನು, ಊರಿನ ಲೆಕ್ಕವನ್ನಲ್ಲ. ಯಾರೂ ಕೆಡವಿ ಎಂದು ತೀರ್ಮಾನಿಸದೆಯೂ ಕಾರ್ಖಾನೆ ಕೆಡವಿಸಿಕೊಳ್ಳುವುದು ಹೀಗೆ.

ನಿರ್ಧಾರ ಮುಂದೂಡಿದರೆ ಏನಾಗುತ್ತದೆ ಎಂದು ತಿಳಿಯಲು ಹಳೆಯ ಹೈದರಾಬಾದ್ ಸಂಸ್ಥಾನದ ಜವಳಿ ಗಿರಣಿಗಳನ್ನು ನೋಡಬೇಕು. ಕಲಬುರಗಿಯ ಮಹಬೂಬ್ ಶಾಹಿ (ಎಂ.ಎಸ್.ಕೆ.) ಮಿಲ್, ನಾಂದೇಡದ ಉಸ್ಮಾನ್ ಶಾಹಿ ಮಿಲ್, ವಾರಂಗಲ್‌ನ ಆಜಂ ಜಾಹಿ ಮಿಲ್ ಈ ಸಂಸ್ಥಾನದ ಹತ್ತಿಯನ್ನು ನೂಲಾಗಿಸಿದ ಗಿರಣಿಗಳು. 1974ರ ರಾಷ್ಟ್ರೀಕರಣ ಕಾಯ್ದೆಯ ಮೂಲಕ ರುಗ್ಣ ಗಿರಣಿಗಳು ರಾಷ್ಟ್ರೀಯ ಜವಳಿ ನಿಗಮಕ್ಕೆ ಸೇರಿದವು, ಅಂದರೆ ಸಾರ್ವಜನಿಕ ಆಸ್ತಿಯಾದವು. ಆಮೇಲೆ ಒಂದೊಂದಾಗಿ ನಿಂತವು. ಕಲಬುರಗಿಯಲ್ಲಿ ಇಂದು ಎಂ.ಎಸ್.ಕೆ. ಮಿಲ್ ಎಂದರೆ ಒಂದು ಬಡಾವಣೆಯ ವಿಳಾಸ. ವಾರಂಗಲ್‌ನ ಗಿರಣಿ 2002ರಲ್ಲಿ ಮುಚ್ಚಿತು, ಜಾಗದ ಬಹುಪಾಲು ನಿವೇಶನಗಳಾಗಿ ಮಾರಾಟವಾಯಿತು. ಈ ಗಿರಣಿಗಳಲ್ಲಿ ಒಂದೊಂದು ಶೆಡ್ಡನ್ನಾದರೂ ಊರಿನ ಕೆಲಸಕ್ಕೆ ಉಳಿಸಿಕೊಳ್ಳಬಹುದಿತ್ತೇ ಎಂದು ಕೇಳುವ ಹೊತ್ತಿಗೆ ಉಳಿಸಿಕೊಳ್ಳುವುದಕ್ಕೆ ಹೆಚ್ಚೇನೂ ಇರಲಿಲ್ಲ.

ಸೊಲ್ಲಾಪುರದ ಗಿರಣಿಗಳ ಕತೆ ಇನ್ನೂ ತೂಕದ್ದು. 1870ರ ದಶಕದಲ್ಲಿ ಹುಟ್ಟಿದ ಜುನಿ ಮಿಲ್, ಆಮೇಲೆ ಬಂದ ಲಕ್ಷ್ಮೀ, ವಿಷ್ಣು, ನರಸಿಂಗ ಗಿರಜಿ ಮಿಲ್‌ಗಳ ಭೋಂಗಾ (ಸೈರನ್) ಕೇಳಿ ಕನ್ನಡ, ತೆಲುಗು, ಮರಾಠಿ ಮಾತಾಡುವ ಕೇರಿಗಳು ಎದ್ದು ಪಾಳಿಗೆ ಹೋಗುತ್ತಿದ್ದವು. 1930ರ ಮೇ ತಿಂಗಳಲ್ಲಿ ಗಾಂಧೀಜಿ ಬಂಧನದ ಸುದ್ದಿ ಬಂದಾಗ ಬೀದಿಗಿಳಿದವರಲ್ಲಿ ಗಿರಣಿ ಕಾರ್ಮಿಕರೂ ಇದ್ದರು. ಬ್ರಿಟಿಷರು ಊರಿಗೆ ಮಾರ್ಷಲ್ ಲಾ ಹೇರಿದರು. 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಗಲ್ಲಿಗೇರಿದರು. ಹುತಾತ್ಮರಿಗೆ ಪ್ರತಿಮೆ ನಿಲ್ಲಿಸುವ ನಾವು ಆ ಚಳವಳಿಗೆ ಜನ ಕೊಟ್ಟ ಗಿರಣಿಗಳನ್ನು ಸ್ಮಾರಕ ಎಂದು ಎಣಿಸಲೇ ಇಲ್ಲ. ಸ್ವಾತಂತ್ರ್ಯ ಹೋರಾಟದ ಇತಿಹಾಸದಲ್ಲಿ ಕೋಟೆಗೆ ಜಾಗವಿದೆ, ಜೈಲಿಗೆ ಜಾಗವಿದೆ, ಗಿರಣಿಗೆ ಇಲ್ಲ.

ಕಾನೂನೂ ಹಾಗೇ ಇದೆ. ಪ್ರಾಚೀನ ಸ್ಮಾರಕಗಳ 1958ರ ಕೇಂದ್ರ ಕಾಯ್ದೆಯ ರಕ್ಷಣೆ ಸಿಗಲು ಕಟ್ಟಡಕ್ಕೆ ನೂರು ವರ್ಷವಾದರೂ ಆಗಿರಬೇಕು. ಸ್ವಾತಂತ್ರ್ಯಾನಂತರದ ಸಹಕಾರಿ ಸಕ್ಕರೆ ಕಾರ್ಖಾನೆ, ಹಾಲಿನ ಪುಡಿ ಘಟಕಗಳು ಆ ಲೆಕ್ಕಕ್ಕೆ ಬರುವುದೇ ಇಲ್ಲ. ಮುಂಬೈಗೆ 1995ರಲ್ಲೇ ಪರಂಪರೆ ನಿಯಮಾವಳಿ ಬಂತು. ಹಳ್ಳಿಯ ಸೀಮೆಯಲ್ಲಿರುವ ಕಾರ್ಖಾನೆಗೆ ಅಂಥ ರಕ್ಷಣೆ ಸಿಗುವ ಸಂಭವ ಕಡಿಮೆ.

ಕಟ್ಟಡ ಉಳಿಸಿದರೆ ಎಲ್ಲ ಸರಿಹೋಗುತ್ತದೆ ಎಂದಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನ ಭೂಕಂಪದಲ್ಲಿ ಕಿಲ್ಲಾರಿ, ಸಾಸ್ತೂರ ಸುತ್ತ ಸಾವಿರಾರು ಜನರನ್ನು ಕೊಂದದ್ದು ಕಲ್ಲುಮಣ್ಣಿನ ಭಾರದ ಗೋಡೆಗಳು. ಆ ನೆಲದ ಜನಕ್ಕೆ ಹಳೆಯ ಕಟ್ಟಡ ಎಂದರೆ ಭಯವಾಗುವುದು ಸಹಜ, ಆ ಭಯಕ್ಕೆ ಆಧಾರವಿದೆ. ಆದ್ದರಿಂದಲೇ ಅಪಾಯದ ಮಾತನ್ನು ಊಹೆಗೆ ಬಿಡಬಾರದು. ಯಾವ ಗೋಡೆ ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂದು ಎಂಜಿನಿಯರ್ ಪರೀಕ್ಷಿಸಿ ಬರೆದುಕೊಡಬೇಕು. ಆ ವರದಿಯನ್ನು ಗ್ರಾಮಸಭೆಯಲ್ಲಿ ಓದಿ ಹೇಳಬೇಕು. ಶಿಥಿಲ ಎಂಬ ಒಂದು ಪದ ಬರೆದು ಇಡೀ ಆವರಣ ಬಯಲು ಮಾಡುವುದು ಸುರಕ್ಷತೆಯಲ್ಲ, ಜಾಗದ ವ್ಯಾಪಾರ.

ಜಾಗವೇ ಇಲ್ಲಿನ ನಿಜವಾದ ತಿರುಳು. ಮುಂಬೈ ಗಿರಣಿಗಳ ವಿಷಯದಲ್ಲಿ 1991ರ ನಿಯಮ ಜಮೀನನ್ನು ಮೂರು ಪಾಲು ಮಾಡಿತ್ತು: ಪಾಲಿಕೆಗೆ ಬಯಲು ಜಾಗ, ವಸತಿ ಮಂಡಳಿಗೆ ಮನೆ, ಮಿಲ್ ಮಾಲೀಕರಿಗೆ ಉಳಿದದ್ದು. 2001ರ ತಿದ್ದುಪಡಿ ಪಾಲು ಮಾಡುವುದನ್ನು ಖಾಲಿ ಜಾಗಕ್ಕಷ್ಟೇ ಸೀಮಿತಗೊಳಿಸಿತು. ಸಾರ್ವಜನಿಕರ ಪಾಲು ಕುಗ್ಗಿತು. 2006ರಲ್ಲಿ ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಚಿಮಣಿ ಉಳಿಯಬೇಕೆ ಬೇಡವೆ ಎಂದು ಜನ ಜಗಳಾಡುವಾಗ ಜಮೀನಿನ ಪಾಲು ಬೇರೆ ಕಡೆ ನಿರ್ಧಾರವಾಗಿರುತ್ತದೆ. ಇದಕ್ಕೆ ವಿರುದ್ಧವಾದ ಉದಾಹರಣೆ ಜರ್ಮನಿಯ ಎಸ್ಸೆನ್ ನಗರದ್ದು. ಅಲ್ಲಿ ಜೋಲ್ಫರೈನ್ ಕಲ್ಲಿದ್ದಲು ಗಣಿ 1986ರಲ್ಲಿ ಮುಚ್ಚಿದಾಗ ಪ್ರಾಂತೀಯ ಸರ್ಕಾರ ಜಾಗವನ್ನು ತಾನೇ ಕೊಂಡಿತು. ಹದಿನೈದು ವರ್ಷದ ಮೇಲೆ ಅದು ವಿಶ್ವ ಪರಂಪರೆಯ ಪಟ್ಟಿ ಸೇರಿತು. ಜರ್ಮನಿಯ ಹಣ ನಮ್ಮಲ್ಲಿಲ್ಲ, ನಿಜ. ಆದರೆ ಬೆಂಗಳೂರಿನ ಹಳೆಯ ಕೇಂದ್ರ ಕಾರಾಗೃಹವನ್ನು 2008ರಲ್ಲಿ ಸ್ವಾತಂತ್ರ್ಯ ಉದ್ಯಾನ ಮಾಡಿದ್ದು ನಾವೇ. ಎಲ್ಲ ಗೋಡೆಗಳೂ ಉಳಿಯಲಿಲ್ಲ. ಜಾಗ ಜನರಿಗೆ ಉಳಿಯಿತು.

ಹಾಗಾಗಿ ಮುಚ್ಚಿದ ಸಾರ್ವಜನಿಕ ಮತ್ತು ಸಹಕಾರಿ ಕಾರ್ಖಾನೆಗಳಿಗೆ ಎರಡೂ ರಾಜ್ಯಗಳು ಒಂದು ಗಡುವು ನಿಗದಿ ಮಾಡಬೇಕು. ಬೀಗ ಬಿದ್ದ ದಿನದಿಂದ ಐದು ವರ್ಷ ಸಾಕು. ಅಷ್ಟರೊಳಗೆ ಮತ್ತೆ ಓಡಿಸುವವರು ಬಂದರೆ ಷೇರುದಾರರ ಒಪ್ಪಿಗೆಯೊಂದಿಗೆ ಓಡಿಸಲಿ. ಅಲ್ಲಿಯವರೆಗಿನ ಕಾವಲಿನ ವೆಚ್ಚ ಸರ್ಕಾರ ಭರಿಸಲಿ. ಯಾರೂ ಬಾರದಿದ್ದರೆ ಬಾಗಿಲು ತೆರೆದು ಮೂರು ಕೆಲಸ ಕ್ರಮವಾಗಿ ಆಗಲಿ.

ಮೊದಲನೆಯದು ಕಾಗದ. ಹಾಜರಿ ಪುಸ್ತಕ, ವೇತನ ಪಟ್ಟಿ, ಷೇರು ದಾಖಲೆ, ಕಬ್ಬಿನ ತೂಕದ ಚೀಟಿಗಳು ಇಟ್ಟಿಗೆಗಿಂತ ಬೇಗ ನಾಶವಾಗುತ್ತವೆ. ಕಾರ್ಮಿಕನ ಭವಿಷ್ಯನಿಧಿಗೂ ರೈತನ ಬಾಕಿಗೂ ಸಾಕ್ಷಿ ಅವೇ, ನಾಳೆಯ ಇತಿಹಾಸಕಾರನಿಗೂ ಅವೇ. ಚಾವಣಿ ಸೋರುವ ಮೊದಲು ಅವು ಜಿಲ್ಲಾ ಕಚೇರಿಯ ದಾಖಲೆ ಕೊಠಡಿ ಸೇರಬೇಕು. ಎರಡನೆಯದು ಜಮೀನು. ಬಾಕಿ ತೀರಿಸಲು ಒಂದಿಷ್ಟು ಮಾರಲೇಬೇಕಾದೀತು. ಉಳಿದದ್ದು ಸಾರ್ವಜನಿಕ ಒಡೆತನದಲ್ಲೇ ಇರಬೇಕು, ಯಾವ ಕಾರಣಕ್ಕೂ ನಿವೇಶನವಾಗಬಾರದು. ಕಟ್ಟಡದ ಸರದಿ ಮೂರನೆಯದು. ಪರೀಕ್ಷೆಯಲ್ಲಿ ಗಟ್ಟಿ ಎನಿಸಿದ ಒಂದು ಗೋದಾಮು, ಒಂದು ಶೆಡ್ಡು ಉಳಿದರೂ ಸಾಕು. ಸೋಯಾ, ತೊಗರಿ ಬೆಳೆಯುವ ಈ ಸೀಮೆಗೆ ದಾಸ್ತಾನಿನ ಜಾಗ ಬೇಕು, ಮಕ್ಕಳಿಗೆ ಕಸುಬು ಕಲಿಸುವ ಕೇಂದ್ರ ಬೇಕು. ಮಿಕ್ಕಿದ್ದನ್ನು ಹಿಂಜರಿಯದೆ ಕೆಡವಬಹುದು.

ಈ ಕ್ರಮ ಪರಂಪರೆ ಪ್ರಿಯರಿಗೆ ಕಡಿಮೆ ಎನಿಸಬಹುದು, ಮತ್ತೆ ಶುರು ಮಾಡಿ ಎನ್ನುವವರಿಗೆ ಕಠಿಣ ಎನಿಸಬಹುದು. ಆದರೆ ಗಡುವಿಲ್ಲದ ಭರವಸೆಯಿಂದ ಲಾಭವಾಗುವುದು ಗುಜರಿಯವರಿಗೆ ಮತ್ತು ಜಮೀನು ವ್ಯವಹಾರದವರಿಗೆ ಮಾತ್ರ. ಮುಂದಿನ ಚುನಾವಣೆಯಲ್ಲಿ ಕಾರ್ಖಾನೆ ತೆರೆಯುವ ಮಾತು ಬಂದಾಗ ಮತದಾರರು ಕೇಳಬೇಕಾದ ಪ್ರಶ್ನೆ ಯಾವಾಗ ಎಂಬುದೊಂದೇ ಅಲ್ಲ. ಆ ದಿನ ತಪ್ಪಿದರೆ ಜಮೀನು ಯಾರದ್ದು ಎಂಬುದನ್ನೂ ಕೇಳಬೇಕು.