ವೇಷದ ಫೋಟೋ, ಮಗುವಿನ ಫೋಟೋ

ಗುಜರಾತಿನಲ್ಲಿ ಅಕ್ಟೋಬರ್ ಬಂತೆಂದರೆ ಮಕ್ಕಳು ಮಾಮೂಲಿ ಬಟ್ಟೆಯಲ್ಲಿ ಕಾಣಿಸುವುದೇ ಕಡಿಮೆ. ನವರಾತ್ರಿಗೆ ಹುಡುಗಿಯರಿಗೆ ಚಣಿಯಾ ಚೋಳಿ, ಹುಡುಗರಿಗೆ ಕೇಡಿಯು. ತಿಂಗಳ ಕೊನೆಯ ದಿನ ಸರ್ದಾರ್ ಪಟೇಲರ ಜಯಂತಿ, ಧೋತಿ ಉಟ್ಟು ಹೆಗಲ ಮೇಲೆ ಶಾಲು ಹೊದ್ದ ಪುಟಾಣಿ ಸರ್ದಾರರು. ಅದೇ 31ರ ಸಂಜೆ ಕೆಲವು ಸೊಸೈಟಿಗಳಲ್ಲಿ ಹ್ಯಾಲೋವೀನ್ ಅಂತ ಡ್ರಾಕುಲಾ, ಮಾಟಗಾತಿ. ಮಾರನೇ ದಿನ ರಾಜ್ಯೋತ್ಸವ, ನಮ್ಮ ಕನ್ನಡದವರ ಮನೆಗಳಲ್ಲಿ ಒನಕೆ ಓಬವ್ವ, ಕಿತ್ತೂರು ಚೆನ್ನಮ್ಮ. ನಿನ್ನೆ ಕೋರೆಹಲ್ಲು ಕಟ್ಟಿಕೊಂಡಿದ್ದವಳೇ ಇವತ್ತು ಒನಕೆ ಹಿಡಿದು ನಿಂತಿರುತ್ತಾಳೆ!

ಹ್ಯಾಲೋವೀನ್ ನಮ್ಮದಲ್ಲ, ಅದ್ಯಾಕೆ ಬೇಕು ಅನ್ನುವವರಿದ್ದಾರೆ. ಆ ಜಗಳ ನನಗೆ ಬೇಡ. ನಮ್ಮ ನರಕ ಚತುರ್ದಶಿಯನ್ನು ಇಲ್ಲಿಯವರು ಕಾಳಿ ಚೌದಸ್ ಅನ್ನುತ್ತಾರೆ. ಮನೆಯ ಪೀಡೆ ತೊಲಗಲಿ ಅಂತ ವಡೆ ಕರಿದು ನಾಲ್ಕು ದಾರಿ ಸೇರುವಲ್ಲಿ ಇಟ್ಟು ಬರುತ್ತಾರೆ. ಉಡುಪಿಯ ಅಷ್ಟಮಿಯ ಹುಲಿವೇಷ, ಮುದ್ದುಕೃಷ್ಣರನ್ನು ನೋಡಿದವರಿಗೆ ಬಣ್ಣ ಬಳಿದ ಮುಖವೂ ಹೊಸದಲ್ಲ. ನನ್ನ ತಕರಾರು ವೇಷದ ಮೇಲಲ್ಲ, ನಾವು ತೆಗೆಯುವ ಫೋಟೋದ ಮೇಲೆ. ಅದರಲ್ಲಿ ವೇಷ ಇರುತ್ತದೆ, ಮಗು ಇರುವುದಿಲ್ಲ.

ಬ್ಯಾಂಕಿನಲ್ಲಿ ಮೂವತ್ತು ವರ್ಷದಿಂದ ಅರ್ಜಿಗೆ ಅಂಟಿಸಿದ ಪಾಸ್‌ಪೋರ್ಟ್ ಸೈಜ್ ಫೋಟೋ ನೋಡುತ್ತಾ ಬಂದವನು ನಾನು. ಅಹಮದಾಬಾದ್, ವಡೋದರಾ, ಸೂರತ್, ಯಾವ ಊರಿಗೆ ವರ್ಗವಾದರೂ ಆ ಫೋಟೋ ಒಂದೇ. ನೇರ ನಿಲುವು, ಬಿಗಿದ ತುಟಿ, ಹಿಂದೆ ಗೋಡೆ. ಗುರುತು ಹಿಡಿಯಲು ಅಷ್ಟು ಸಾಕು ಬಿಡಿ. ಆದರೆ ಮಗುವಿಗೆ ಕಿರೀಟ ಇಟ್ಟು, ಗೋಡೆಗೆ ಆನಿಸಿ, "ಕೊಳಲು ಮೇಲೆ, ಈ ಕಡೆ ನೋಡು, ಸ್ಮೈಲ್" ಅಂತ ಕೂಗಿ ತೆಗೆದದ್ದೂ ಪಾಸ್‌ಪೋರ್ಟ್ ಫೋಟೋನೇ ಅಲ್ಲವಾ? ನವಿಲುಗರಿ ಒಂದು ಹೆಚ್ಚಿಗೆ, ಅಷ್ಟೇ.

ಈ ಮಾತಿಗೆ ವಡೋದರಾದಲ್ಲೇ ಒಬ್ಬ ಗುರು ಇದ್ದರು. ಹೋಮಾಯ್ ವ್ಯಾರಾವಾಲಾ, ನಮ್ಮ ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ. 1913ರಲ್ಲಿ ನವಸಾರಿಯಲ್ಲಿ ಹುಟ್ಟಿ, ಕೊನೆಯ ವರ್ಷಗಳನ್ನು ವಡೋದರಾದಲ್ಲಿ ಕಳೆದು, 2012ರಲ್ಲಿ ಅಲ್ಲೇ ತೀರಿಕೊಂಡರು. ಅವರು ತೆಗೆದ ಒಂದು ಪ್ರಸಿದ್ಧ ಚಿತ್ರದಲ್ಲಿ ಪ್ರಧಾನಿ ನೆಹರೂ ಬಾಯಲ್ಲಿ ಸಿಗರೇಟು ಇಟ್ಟುಕೊಂಡು, ವಿಮಾನದಲ್ಲಿ ಜೊತೆಗಿದ್ದ ಮಹಿಳೆಯ ಸಿಗರೇಟು ಹಚ್ಚಿಕೊಡುತ್ತಿದ್ದಾರೆ. ಪ್ರಧಾನಿ ಅನ್ನೋದೂ ಒಂದು ವೇಷವೇ ತಾನೆ? ಆಕೆ ಅದರೊಳಗಿದ್ದ ಮನುಷ್ಯನನ್ನು ಹಿಡಿದರು. ನಮ್ಮ ಮನೆಯ ಪುಟ್ಟ ರಾಧೆಗೂ ಇದೇ ಲೆಕ್ಕ.

ಹಾಗಾದರೆ ಮಾಡಬೇಕಾದ್ದೇನು? ಮೊದಲನೆಯದು, ಮಂಡಿ ಊರಿ ಕೂರುವುದು. ನಿಂತುಕೊಂಡು ಮೇಲಿನಿಂದ ತೆಗೆದರೆ ತಲೆ ದಪ್ಪ, ಕಾಲು ಗಿಡ್ಡ, ಕಿರೀಟದ ಕೆಳಗೆ ಕಣ್ಣೇ ಕಾಣದು. ಮೊಬೈಲು ಮಗುವಿನ ಕಣ್ಣಿನ ಎತ್ತರಕ್ಕೆ ಬರಲಿ. ಮುಖಕ್ಕೆ ತೀರಾ ಹತ್ತಿರ ಹಿಡಿದರೆ ಮೂಗು ಉಬ್ಬುತ್ತದೆ, ಎರಡು ಹೆಜ್ಜೆ ಹಿಂದೆ ಸರಿದು 2ಎಕ್ಸ್ ಝೂಮ್ ಮಾಡಿ. ಹಿಂದೆ ಸ್ಕೂಟರು, ಒಣಗಿಹಾಕಿದ ಟವೆಲು ಇದ್ದರೆ ನೀವೇ ಅರ್ಧ ಸುತ್ತು ಪಕ್ಕಕ್ಕೆ ಹೋಗಿ. ಮಗುವನ್ನು ಎಳೆದಾಡಬೇಡಿ.

ಎರಡನೆಯದು ಬೆಳಕು. ಗರ್ಬಾ ರಂಗೇರುವುದು ರಾತ್ರಿ ಒಂಬತ್ತರ ಮೇಲೆ. ಅಷ್ಟು ಹೊತ್ತಿಗೆ ಕಾಡಿಗೆ ಇಳಿದು ಮಗುವಿಗೆ ನಿದ್ದೆ ತೂಗುತ್ತಿರುತ್ತದೆ. ಅಕ್ಟೋಬರ್ ಶುರುವಿನಲ್ಲಿ ಅಹಮದಾಬಾದಿನ ಸೂರ್ಯ ಮುಳುಗುವುದು ಸುಮಾರು ಆರೂಕಾಲು-ಆರೂವರೆಗೆ, ತಿಂಗಳ ಕೊನೆಗೆ ಆರರ ಆಸುಪಾಸಿಗೆ. ಅದಕ್ಕೆ ಮುಂಚಿನ ಅರ್ಧ ಗಂಟೆ ಬಂಗಾರ! ಹಳೇ ಊರಿನ ಪೋಳ್‌ಗಳ ಕಡೆ ಹೋಗುವವರಾದರೆ ಇನ್ನೂ ಸುಲಭ. (2017ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ಇದೇ ಹಳೇ ಊರು.) ಆ ಇಕ್ಕಟ್ಟು ಓಣಿಗಳಿಗೆ ನೇರ ಬಿಸಿಲು ಬೀಳುವುದು ಕಡಿಮೆ, ಮೇಲಿನಿಂದ ಮೆತ್ತಗಿನ ಬೆಳಕು ಇಳಿಯುತ್ತದೆ. ಮಗುವನ್ನು ಓಟಲೋ ಮೇಲೆ, ಅಂದರೆ ಜಗಲಿ ಮೇಲೆ, ಕೂರಿಸಿದರೆ ಸ್ಟುಡಿಯೋ ಬೇಡ.

ಮೂರನೆಯದು ಫ್ಲ್ಯಾಶ್. ದಯವಿಟ್ಟು ಆರಿಸಿ! ಲಾ ಗಾರ್ಡನ್ ಬಜಾರಿನಲ್ಲಿ ಚೌಕಾಸಿ ಮಾಡಿ ತಂದ ಚಣಿಯಾ ಚೋಳಿಯ ತುಂಬ ಆಭಲಾ, ಅಂದರೆ ಪುಟ್ಟ ಪುಟ್ಟ ಕನ್ನಡಿ. ಸೂರತ್ತಿನ ಜರಿ ಆದರೂ ಅಷ್ಟೇ. ಫ್ಲ್ಯಾಶ್ ಬಿದ್ದರೆ ಅವೆಲ್ಲ ಬಿಳಿ ಚುಕ್ಕೆಗಳಾಗುತ್ತವೆ, ಮುಖ ಸುಣ್ಣ ಹೊಡೆದಂತಾಗುತ್ತದೆ. ಡ್ರಾಕುಲಾ ವೇಷದ ತೊಂದರೆ ಬೇರೆ. ಕಪ್ಪು ನಿಲುವಂಗಿ ನೋಡಿ ಕ್ಯಾಮೆರಾ ಕತ್ತಲೆ ಅಂದುಕೊಂಡು ಬೆಳಕು ಹೆಚ್ಚಿಸುತ್ತದೆ, ಪೌಡರ್ ಹಚ್ಚಿದ ಮುಖ ಕರಗಿಹೋಗುತ್ತದೆ. ಪರದೆಯ ಮೇಲೆ ಮುಖವನ್ನು ಮುಟ್ಟಿ ಬೆಳಕು ಸ್ವಲ್ಪ ಇಳಿಸಿದರೆ ಸರಿಹೋಗುತ್ತದೆ. ಕೃಷ್ಣನಿಗೆ ಪೋರ್ಟ್ರೇಟ್ ಮೋಡ್ ಬೇಡ, ನವಿಲುಗರಿಯ ತುದಿಯನ್ನೇ ಮೊಬೈಲು ಮಸುಕು ಮಾಡಿಬಿಡಬಹುದು.

ಇನ್ನು ಗರ್ಬಾ ಅಂದರೆ ಸುತ್ತುವುದು. 2023ರಲ್ಲಿ ಯುನೆಸ್ಕೋ ಮನ್ನಣೆ ಸಿಕ್ಕ ಈ ಕುಣಿತದ ಉಡುಪು ತೊಡಿಸಿ ಮಗುವನ್ನು ಕಂಬದ ಹಾಗೆ ನಿಲ್ಲಿಸಿದರೆ ಹೇಗೆ? ಹಗಲಲ್ಲೇ ಒಂದು ಸುತ್ತು ತಿರುಗಲು ಹೇಳಿ, ಬರ್ಸ್ಟ್‌ನಲ್ಲಿ ಹತ್ತು ತೆಗೆಯಿರಿ. ಮೊಬೈಲಿನ ಪ್ರೋ ಮೋಡ್ ಗೊತ್ತಿದ್ದವರು ಸೆಕೆಂಡಿನ 250ನೇ ಒಂದು ಭಾಗಕ್ಕೆ ಇಟ್ಟರೆ ಹಾರಿದ ಲಂಗ ಗಾಳಿಯಲ್ಲೇ ನಿಲ್ಲುತ್ತದೆ. 30ನೇ ಒಂದಕ್ಕೆ ಇಳಿಸಿದರೆ ಲಂಗ ಬಣ್ಣದ ಬುಗುರಿ.

ಇಷ್ಟೆಲ್ಲ ತಾಂತ್ರಿಕ ಆಯ್ತು. ಇದಕ್ಕಿಂತ ದೊಡ್ಡದು ಮಗುವಿನ ಮರ್ಜಿ. ಅಂಟು ಮೀಸೆ ಕೆರೆತ ತರಿಸುತ್ತಿದೆ, ಕಿರೀಟ ಕಿವಿಗೆ ಚುಚ್ಚುತ್ತಿದೆ, ಅಳು ಒತ್ತರಿಸಿ ಬರುತ್ತಿದೆ. ಆಗಲೂ "ಒಂದೇ ಒಂದು ಫೋಟೋ" ಅಂತ ಅಪ್ಪ-ಅಮ್ಮ ಇಬ್ಬರೂ ಮೊಬೈಲ್ ಹಿಡಿದು ನಿಲ್ಲುವುದನ್ನು ಪ್ರತಿ ಛದ್ಮವೇಷ ಸ್ಪರ್ಧೆಯಲ್ಲೂ ನೋಡುತ್ತೇನೆ. ಅದು ಮಗುವಿನ ನೆನಪಿಗಾಗಿ ಅಲ್ಲ ಸ್ವಾಮಿ, ನಮ್ಮ ಸ್ಟೇಟಸ್ಸಿಗೆ. ಪಕ್ಕದ ಮನೆ ಮಗುವಿನ ಚಿತ್ರವನ್ನು ಕೇಳದೇ ಗ್ರೂಪಿಗೆ ಹಾಕುವುದೂ ಇದೇ ಜಾತಿಯದು. ಅತ್ತರೆ ಮೊಬೈಲ್ ಜೇಬಿಗೆ ಹಾಕಿ, ಮೊದಲು ಆ ಮೀಸೆ ಕೀಳಿ.

ನಿಜವಾದ ಫೋಟೋ ಸಿಗುವುದು ವೇದಿಕೆಗೆ ಮುಂಚೆ ಮತ್ತು ನಂತರ. ನನ್ನ ಸಹೋದ್ಯೋಗಿಯೊಬ್ಬರ ಮಗಳು ಮದುವೆಯಾಗಿ ಹೊರಡುವಾಗ ಆಲ್ಬಮ್ಮಿನಿಂದ ಒಂದೇ ಫೋಟೋ ಕೇಳಿ ತೆಗೆದುಕೊಂಡಳು. ಬಹುಮಾನ ಹಿಡಿದು ನಿಂತದ್ದಲ್ಲ. ಅಜ್ಜಿ ಬಾಯಲ್ಲಿ ಪಿನ್ನು ಕಚ್ಚಿಕೊಂಡು ಅವಳ ಓಢಣಿ ಸರಿಮಾಡುತ್ತಿದ್ದದ್ದು. ಅಜ್ಜಿ ಈಗಿಲ್ಲ. ಆ ಕೈಗಳು ಇರುವ ಚಿತ್ರ ಅದೊಂದೇ ಅಂತೆ. ಯಾರೋ ಫಿಲ್ಮ್ ರೋಲ್ ಮುಗಿಸಲು ಸುಮ್ಮನೆ ಒತ್ತಿದ್ದರಂತೆ.

ಹಾಗಾಗಿ ಅಲಂಕಾರದ ಹೊತ್ತಿಗೇ ಶುರುಮಾಡಿ. ಹೂ ಮುಡಿಸುವ ಅಮ್ಮನ ಕೈ, ಡ್ರಾಕುಲಾ ಕೋರೆಹಲ್ಲು ಬಿಚ್ಚಿಟ್ಟು ಫಾಫ್ಡಾ ತಿನ್ನುವುದು, ಓಬವ್ವ ಒನಕೆ ತಬ್ಬಿಕೊಂಡು ರಿಕ್ಷಾದಲ್ಲಿ ನಿದ್ದೆ ಹೋಗಿರುವುದು, ಇವೆಲ್ಲ ತೆಗೆಯಿರಿ. ಆಮೇಲೆ ನೂರರಲ್ಲಿ ನಾಲ್ಕನ್ನು ಕಾಗದದ ಮೇಲೆ ಪ್ರಿಂಟ್ ಹಾಕಿಸಿ, ಹಿಂದೆ ಹೆಸರು, ತಾರೀಖು, ಊರು ಬರೆದಿಡಿ. ಮೊಬೈಲು ಎರಡು-ಮೂರು ವರ್ಷಕ್ಕೆ ಬದಲಾಗುತ್ತದೆ, ಮಗು ಅದಕ್ಕಿಂತ ಬೇಗ.