ನಡು ಹಿಡಿದಾಗ

ಕಳೆದ ಮಳೆಗಾಲದಲ್ಲಿ ಒಂದು ದಿನ, ಕಚೇರಿಯಲ್ಲಿ ಕೆಳಗಿನ ಅರೆಯಿಂದ ಫೈಲಿನ ಕಟ್ಟೊಂದನ್ನು ಎತ್ತಲು ಬಗ್ಗಿದವನು ಮತ್ತೆ ನೆಟ್ಟಗೆ ನಿಲ್ಲಲಾರದೆ ಹೋದೆ. ಮಿತ್ರರಿಬ್ಬರು ಟ್ಯಾಕ್ಸಿಯಲ್ಲಿ ಕೂರಿಸಿ ಮನೆ ಸೇರಿಸಿದರು. ಆಮೇಲೆ ಎಲ್ಲರ ಮನೆಯಲ್ಲೂ ಆಗುವುದೇ ನಮ್ಮಲ್ಲೂ ಆಯಿತು. ಊರಿನಿಂದ ತಾಯಿಯವರು ಫೋನಿನಲ್ಲಿ "ಏಳಬೇಡ, ಮಲಗಿರು" ಎಂದರು. ನೆರೆಯವರು ನಡುಪಟ್ಟಿ ತಂದುಕೊಟ್ಟರು. ಹತ್ತು ದಿನ ಮಲಗಿದೆ. ಕೂಡಿಟ್ಟ ರಜೆ ಹೋಯಿತು, ನೋವು ಮಾತ್ರ ಹೋಗಲಿಲ್ಲ. ಮೂರು ವರ್ಷದ ಮಗಳು ಎತ್ತಿಕೋ ಎಂದು ಕೈಚಾಚಿದರೆ ಮುಖ ತಿರುಗಿಸುವಂತಾಯಿತು.

ಕೊನೆಗೆ ವೈದ್ಯರು ಫಿಜಿಯೊಥೆರಪಿಗೆ ಕಳುಹಿಸಿದರು. ಬೆನ್ನು ತಿಕ್ಕಿ ಶಾಖ ಕೊಡುವರೆಂದು ನಂಬಿ ಹೋದೆ. ಅಲ್ಲಿನ ಮಹಿಳೆ ನನ್ನನ್ನು ಬಗ್ಗಿಸಿ, ಹಿಂದಕ್ಕೆ ಬಾಗಿಸಿ, ನಡೆಸಿ ನೋಡಿ, "ನೋವಿದೆಯೆಂದರೆ ಒಳಗೆ ಏನೋ ಮುರಿದಿದೆಯೆಂದು ಅರ್ಥವಲ್ಲ. ನೀವು ಹೆದರಿ ಬೆನ್ನನ್ನು ಬಿಗಿಹಿಡಿದಿದ್ದೀರಿ" ಎಂದರು. ಅಂದೇ ಕೊಠಡಿಯ ಸುತ್ತ ನಡೆಸಿದರು.

ಈ ವಿದ್ಯೆಯಲ್ಲಿ ಒಂದು ಸ್ವಾರಸ್ಯವಾದ ಕಥೆಯಿದೆ. 1956ರಲ್ಲಿ ನ್ಯೂಜಿಲೆಂಡಿನ ರಾಬಿನ್ ಮೆಕೆಂಜಿ ಎಂಬ ಚಿಕಿತ್ಸಕರು, ಬೆನ್ನು ಮತ್ತು ಕಾಲು ನೋಯುತ್ತಿದ್ದ ರೋಗಿಯೊಬ್ಬನಿಗೆ ಮಂಚದ ಮೇಲೆ ಬೋರಲಾಗಿ ಮಲಗಲು ಹೇಳಿ ಬೇರೆ ಕಡೆ ಹೋದರು. ಮಂಚದ ತುದಿ ಮೇಲಕ್ಕೆ ಎತ್ತಿತ್ತು. ಆತ ಬೆನ್ನು ಹಿಂಬಾಗಿಸಿಕೊಂಡು ಹಾಗೆಯೇ ಮಲಗಿಬಿಟ್ಟ. ಚಿಕಿತ್ಸಕರು ಗಾಬರಿಯಿಂದ ಹಿಂತಿರುಗಿದರೆ, ಆತನಿಗೆ ವಾರಗಟ್ಟಲೆಯಿಂದ ಕಾಣದ ಆರಾಮ! ಯಾವ ಚಲನೆಯಿಂದ ಕಾಲಿನ ನೋವು ಬೆನ್ನಿನತ್ತ ಸರಿಯುತ್ತದೆಂದು ಪ್ರತಿಯೊಬ್ಬರಲ್ಲೂ ಪರೀಕ್ಷಿಸುವ ಕ್ರಮವನ್ನು ಮೆಕೆಂಜಿ ಮುಂದೆ ಬೆಳೆಸಿದರು. ನಮ್ಮ ಭುಜಂಗಾಸನವನ್ನು ನೆನಪಿಸುವ ಈ ಭಂಗಿ ಎಲ್ಲರಿಗೂ ಒಗ್ಗುವುದಿಲ್ಲ. ಆದ್ದರಿಂದ ಪರೀಕ್ಷೆ ಮೊದಲು, ವ್ಯಾಯಾಮ ಆಮೇಲೆ.

ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ದೀರ್ಘಕಾಲದ ನಡುನೋವಿಗೆ ಕೊಟ್ಟ ಸಲಹೆಯಲ್ಲಿ ವ್ಯಾಯಾಮವೂ ತಿಳಿವಳಿಕೆಯೂ ಇವೆ. ನಡುಪಟ್ಟಿ ವಾಡಿಕೆಯ ಚಿಕಿತ್ಸೆಯಾಗಬಾರದೆಂದೂ ಇದೆ. ನಮ್ಮ ಮನೆಯ ಪಟ್ಟಿ ಈಗ ಕಪಾಟಿನ ಮೇಲಿದೆ.

ನೋವು ಹೋದ ಮೇಲೆ ಮತ್ತೆ ಬರದಂತೆ ಏನು ಮಾಡಬೇಕು? ನಡೆಯಬೇಕು. ಆಸ್ಟ್ರೇಲಿಯದಲ್ಲಿ ನಡುನೋವಿನಿಂದ ಆಗತಾನೆ ಚೇತರಿಸಿಕೊಂಡ 701 ಮಂದಿಯ ಮೇಲೆ ನಡೆಸಿದ ಅಧ್ಯಯನವೊಂದು 2024ರಲ್ಲಿ ಪ್ರಕಟವಾಯಿತು. ಫಿಜಿಯೊಥೆರಪಿಸ್ಟರ ಮಾರ್ಗದರ್ಶನದಲ್ಲಿ ಕ್ರಮೇಣ ನಡಿಗೆ ಹೆಚ್ಚಿಸಿಕೊಂಡವರಿಗೆ ನೋವು ಮರುಕಳಿಸಲು ಹಿಡಿದ ಮಧ್ಯಮ ಅವಧಿ 208 ದಿನ, ಉಳಿದವರಿಗೆ 112.

ಪರಸ್ಥಳದಲ್ಲಿ ಕುಳಿತು ದುಡಿಯುವ ನಮ್ಮಂಥವರಿಗೆ ಇದಕ್ಕಿಂತ ಅಗ್ಗದ ಔಷಧ ಯಾವುದು? ನಾನೀಗ ಸ್ಟೇಷನ್ನಿನಿಂದ ಮನೆಗೆ ರಿಕ್ಷಾ ಹಿಡಿಯುವುದಿಲ್ಲ. ಅರ್ಧ ಗಂಟೆಗೊಮ್ಮೆ ಕುರ್ಚಿಯಿಂದ ಏಳುತ್ತೇನೆ, ಸಾಹೇಬರಿಗೂ ಅಭ್ಯಾಸವಾಗಿದೆ.

ಒಂದು ಎಚ್ಚರಿಕೆ. ನಡುನೋವಿನ ಜೊತೆಗೆ ಜ್ವರ ಬಂದರೆ, ಪಾದ ಸೋತರೆ, ತೊಡೆಸಂದಿ ಮರಗಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ವ್ಯಾಯಾಮವೆಂದು ಕಾಲ ಕಳೆಯದೆ ಆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಅಂದಹಾಗೆ, ಮಗಳನ್ನು ಈಗ ಎತ್ತಿಕೊಳ್ಳುತ್ತೇನೆ. ಇಳಿಸುವುದೇ ಕಷ್ಟವಾಗಿದೆ, ಅವಳು ಒಪ್ಪುವುದಿಲ್ಲ.