ಹಳಿಯ ಮೇಲಿನ ಹೊರನಾಡು



ಬೀದರ ಸೀಮೆಯ ಜನರಿಗೆ ರೈಲು ಹೊಸದಲ್ಲ. ನಿಜಾಮರ ಆಳ್ವಿಕೆಯಲ್ಲಿ ಹಾಸಿದ ವಿಕಾರಾಬಾದ-ಪರಳಿ ಮಾರ್ಗವು ಬೀದರ, ಭಾಲ್ಕಿ, ಕಮಲನಗರಗಳನ್ನು ಹಾಯ್ದು ಉದಗೀರಿನತ್ತ ಸಾಗುತ್ತದೆ. ಬೀದರದಿಂದ ಕಲಬುರಗಿಗೆ 110 ಕಿ.ಮೀ. ಉದ್ದದ ನೇರ ಮಾರ್ಗವು 2017ರ ಅಕ್ಟೋಬರ್ 29ರಂದು ಲೋಕಾರ್ಪಣೆಗೊಂಡಿತು. ಆದರೆ ಔರಾದ ಪಟ್ಟಣದವರು ಇಂದಿಗೂ ರೈಲು ಹಿಡಿಯಬೇಕಾದರೆ ಮೊದಲು ಬಸ್ಸನ್ನೇರಬೇಕು. ಇಂಥ ನಾಡಿನಲ್ಲಿ ಕುಳಿತ ನಮ್ಮ ಮುಂದೆ, ರೈಲಿನಲ್ಲಿ ದೇಶದಿಂದ ದೇಶಕ್ಕೆ ಹೋಗುವುದು ಹೇಗೆಂಬ ಪ್ರಶ್ನೆಯೊಂದು ಬಂದಿತು. ಅದನ್ನು ಈ ಸಂಚಿಕೆಯಲ್ಲಿ ವಾಚಕರೊಡನೆ ಹಂಚಿಕೊಳ್ಳಲು ಬಯಸುತ್ತೇವೆ.

ಭಾಲ್ಕಿಯ ನಿವೃತ್ತ ಶಿಕ್ಷಕ ದಂಪತಿಗಳು ನಮಗೆ ಬಹುಕಾಲದಿಂದ ಪರಿಚಿತರು. ಅವರ ಮಗಳು ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಉದ್ಯೋಗದಲ್ಲಿದ್ದಾಳೆ. ಮಗಳ ಮನೆಗೆ ಹೋದಾಗ ಲಂಡನ್ನಿಗೂ ಹೋಗಿ ಬಸವಣ್ಣನವರ ಪ್ರತಿಮೆಯನ್ನು ಕಣ್ಣಾರೆ ಕಾಣಬೇಕೆಂಬುದು ಆ ತಾಯಿಯ ಬಹುದಿನದ ಹಂಬಲ. ಥೇಮ್ಸ್ ನದಿಯ ದಡದಲ್ಲಿ, ಲ್ಯಾಂಬೆತ್ ಭಾಗದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಎಂಬಲ್ಲಿ 2015ರ ನವೆಂಬರ್ 14ರಂದು ಆ ಪ್ರತಿಮೆಯ ಅನಾವರಣವಾಯಿತು. ಕಲಬುರಗಿ ಮೂಲದವರೂ ಲ್ಯಾಂಬೆತ್‌ನ ಮಾಜಿ ಮೇಯರರೂ ಆದ ಡಾ. ನೀರಜ್ ಪಾಟೀಲರು ಅದಕ್ಕಾಗಿ ಶ್ರಮಿಸಿದ್ದನ್ನು ನಮ್ಮ ಸಮಾಜ ಬಲ್ಲದು.

ಫ್ರಾಂಕ್‌ಫರ್ಟಿನಿಂದ ಲಂಡನ್ನಿಗೆ ರೈಲಿನಲ್ಲಿಯೇ ಹೋಗಬಹುದೆಂದು ಮಗಳು ತಿಳಿಸಿದ್ದಳು. ಆದರೆ ಅವಳಿಗೆ ರಜೆ ಇಲ್ಲ, ವೃದ್ಧರಿಬ್ಬರೇ ಹೋಗಬೇಕು. ಯಜಮಾನರಿಗೆ ಭಾಷೆಯ ಅಂಜಿಕೆ. ಅಕ್ಕನವರ ಅಂಜಿಕೆಯೇ ಬೇರೆ. “ಅಣ್ಣಾರ, ಹೈದರಾಬಾದದಾಗ ಲಿಂಗ ಅಂದ್ರ ತಿಳೀತದ. ಅಲ್ಲಿ ತಪಾಸಣಿ ಮಾಡೋರು ಲಿಂಗ ತೆಗೀರಿ ಅಂದ್ರ ನಾ ಏನ್ ಮಾಡ್ಲಿ? ಅಂಗದ ಮ್ಯಾಲಿಂದ ತೆಗ್ಯಾದಾದ್ರ ನಂಗ ಆ ಊರೇ ಬ್ಯಾಡ” ಎಂದು ಕಣ್ಣಲ್ಲಿ ನೀರು ತಂದರು.

ಮಠದಲ್ಲಿ ನಾವು ಕಲಿತ ವ್ಯಾಕರಣದಲ್ಲಿ ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಬೀದರದಲ್ಲಿ ಗಣಕಯಂತ್ರದ ಮುಂದೆ ಕುಳಿತು ಜನರ ಅರ್ಜಿಗಳನ್ನು ತುಂಬಿಕೊಡುವ ಔರಾದಿನ ತರುಣನೊಬ್ಬನನ್ನು ಕರೆಸಿದೆವು. ಎರಡು ಸಂಜೆ ಅವನ ಪಕ್ಕದಲ್ಲಿ ಕುಳಿತು ನಾವೂ ವಿದ್ಯಾರ್ಥಿಗಳಾದೆವು.

ಹಿಂದೆ ಯುರೋಪಿನ ರೈಲುಗಳ ವೇಳೆ ತಿಳಿಯಲು ಥಾಮಸ್ ಕುಕ್ ಸಂಸ್ಥೆಯ ವೇಳಾಪಟ್ಟಿಯೇ ಆಧಾರವಾಗಿತ್ತು. 1873ರಲ್ಲಿ ಆರಂಭವಾದ ಆ ಪುಸ್ತಕವನ್ನು ಆ ಸಂಸ್ಥೆಯು 2013ರಲ್ಲಿ ನಿಲ್ಲಿಸಿತು. ಈಗ ಜರ್ಮನ್ ರೈಲ್ವೆಯ ಅಂತರ್ಜಾಲ ತಾಣದಲ್ಲಿ ಊರುಗಳ ಹೆಸರು ಬರೆದರೆ ಯುರೋಪಿನ ಬಹುಪಾಲು ರೈಲುಗಳ ವೇಳೆ ದೊರೆಯುತ್ತದೆ. ಬ್ರಿಟನ್ನಿನ ರೈಲ್ವೆಯಲ್ಲಿ ದುಡಿದ ಮಾರ್ಕ್ ಸ್ಮಿತ್ ಎಂಬ ಗೃಹಸ್ಥರು 2001ರಲ್ಲಿ ಆರಂಭಿಸಿದ ‘ಸೀಟ್ 61’ ಎಂಬ ತಾಣವು, ಎಲ್ಲಿ ರೈಲು ಬದಲಿಸಬೇಕು, ಟಿಕೆಟ್ ಯಾರಿಂದ ಕೊಳ್ಳಬೇಕು ಎಂಬುದನ್ನು ಬಿಡಿಬಿಡಿಯಾಗಿ ತಿಳಿಸುತ್ತದೆ. ತಾನು ಕಂಡ ದಾರಿಯನ್ನು ಪರರಿಗೆ ಅರುಹುವುದೂ ಒಂದು ಬಗೆಯ ದಾಸೋಹವೇ ಸರಿ.

ಫ್ರಾಂಕ್‌ಫರ್ಟಿನಿಂದ ಬೆಲ್ಜಿಯಮ್ಮಿನ ಬ್ರಸೆಲ್ಸಿಗೆ ಮೂರು ಗಂಟೆಗಳಿಗೂ ತುಸು ಮಿಗಿಲಾದ ಪಯಣ. ಅಲ್ಲಿಂದ ಯೂರೋಸ್ಟಾರ್ ರೈಲು ಸುಮಾರು ಎರಡು ಗಂಟೆಗಳಲ್ಲಿ ಲಂಡನ್ ಮುಟ್ಟಿಸುತ್ತದೆ. ನಡುವೆ ಕಡಲಿನ ತಳದಲ್ಲಿ ಕೊರೆದ ಸುರಂಗ. ಅದರ ಉದ್ದ ಐವತ್ತು ಕಿ.ಮೀ. ಮೀರಿದ್ದು, ಅದರಲ್ಲಿ ಸುಮಾರು 38 ಕಿ.ಮೀ. ಸಮುದ್ರದ ಕೆಳಗಿದೆ. 1994ರಲ್ಲಿ ಅದು ತೆರೆಯಿತು.

ಇಲ್ಲಿ ಎಚ್ಚರ ವಹಿಸಬೇಕಾದ ಸಂಗತಿಗಳು ಕೆಲವಿವೆ. ಬ್ರಸೆಲ್ಸಿನ ಒಂದೇ ನಿಲ್ದಾಣಕ್ಕೆ ಫ್ರೆಂಚಿನಲ್ಲಿ ಮಿದಿ ಎಂದೂ ಡಚ್ಚಿನಲ್ಲಿ ಜೌಡ್ ಎಂದೂ ಹೆಸರು. ಎರಡರ ಅರ್ಥವೂ ದಕ್ಷಿಣ. ಇಂಗ್ಲಿಷಿನಲ್ಲಿ ಕಲೋನ್ ಎನ್ನುವ ಊರು ಜರ್ಮನ್ ಫಲಕದಲ್ಲಿ ಕೋಲ್ನ್ ಆಗಿರುತ್ತದೆ. ಮೂರು ಭಾಷೆಗಳ ಗಡಿಯಲ್ಲಿ ಬಾಳುವ ನಾವು ಇದಕ್ಕೆ ಬೆರಗಾಗಬೇಕಿಲ್ಲ. ಎರಡೂ ಹೆಸರುಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡರಾಯಿತು. ಲಂಡನ್ನಿನ ಗಡಿಯಾರವು ಬ್ರಸೆಲ್ಸಿಗಿಂತ ಒಂದು ಗಂಟೆ ಹಿಂದಿರುವುದರಿಂದ, ಟಿಕೆಟ್ಟಿನಲ್ಲಿ ಎರಡು ಗಂಟೆಯ ದಾರಿಯು ಒಂದೇ ಗಂಟೆಯದೆಂಬಂತೆ ತೋರುತ್ತದೆ. ಯೂರೋಸ್ಟಾರ್ ಏರುವ ಮುನ್ನವೇ ಬೆಲ್ಜಿಯಮ್ ಮತ್ತು ಬ್ರಿಟನ್ ಎರಡೂ ಕಡೆಯ ಅಧಿಕಾರಿಗಳು ಪಾಸ್‌ಪೋರ್ಟ್ ನೋಡುತ್ತಾರೆ, ಸಾಮಾನು ಯಂತ್ರದಲ್ಲಿ ಹಾಯುತ್ತದೆ. 2025ರ ಅಕ್ಟೋಬರ್ 12ರಿಂದ ಯುರೋಪಿನ ಗಡಿಗಳಲ್ಲಿ ಹೊರನಾಡಿಗರ ಬೆರಳಚ್ಚು, ಭಾವಚಿತ್ರಗಳನ್ನು ದಾಖಲಿಸುವ ಹೊಸ ವ್ಯವಸ್ಥೆಯೂ ಹಂತಹಂತವಾಗಿ ಆರಂಭವಾಯಿತು. ಜರ್ಮನಿಯ ರೈಲುಗಳೂ ತಡವಾಗುವುದುಂಟು. ಆದುದರಿಂದ ಎರಡು ರೈಲುಗಳ ನಡುವೆ ಮೂರು ಗಂಟೆಯ ಬಿಡುವಿರಲೆಂದು ತರುಣನು ಹಟ ಹಿಡಿದನು. ಕಾದು ಕುಳಿತರೆ ಹೋಗುವುದೇನು, ಒಂದು ಚಹಾದ ಬೆಲೆ!

ಬುತ್ತಿಯ ಮಾತೂ ಬಂದಿತು. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ಯಲು ಅಡ್ಡಿಯಿಲ್ಲ. ಆದರೆ ಹೊರದೇಶಗಳಿಂದ ಹಾಲಿನ ಪದಾರ್ಥಗಳನ್ನು ಯುರೋಪಿನ ಒಕ್ಕೂಟದೊಳಕ್ಕೆ ತರಗೊಡುವುದಿಲ್ಲ. ಮಗಳಿಗೆಂದು ಕಾಸಿದ್ದ ತುಪ್ಪವು ಭಾಲ್ಕಿಯಲ್ಲಿಯೇ ಉಳಿಯಿತು.

ಎಲ್ಲವೂ ಸಿದ್ಧವಾಯಿತೆಂದು ನಾವು ಎದ್ದು ನಿಂತಾಗ ತರುಣನು ಪಾಸ್‌ಪೋರ್ಟುಗಳನ್ನು ಕೇಳಿದನು. ಬ್ರಿಟನ್ನಿನ ವೀಸಾ ಬೇರೆ, ಜರ್ಮನಿ-ಬೆಲ್ಜಿಯಮ್ ಮೊದಲಾದ ದೇಶಗಳಿಗೆ ಸಲ್ಲುವ ಷೆಂಗೆನ್ ವೀಸಾ ಬೇರೆ. ಎರಡೂ ದೊರೆತಿದ್ದವು. ಬೇರೆ ಊರಿನ ಏಜೆಂಟರೊಬ್ಬರು ಲಂಡನ್ನಿಗೆ ಹೋಗಿಬರುವ ರೈಲಿನ ಟಿಕೆಟ್ಟುಗಳನ್ನೂ, ಫ್ರಾಂಕ್‌ಫರ್ಟಿನಿಂದ ಮರಳುವ ವಿಮಾನದ ಟಿಕೆಟ್ಟುಗಳನ್ನೂ ಮಾಡಿಸಿಕೊಟ್ಟಿದ್ದರು. ಆದರೆ ಷೆಂಗೆನ್ ವೀಸಾದ ಚೀಟಿಯಲ್ಲಿ ಪ್ರವೇಶಗಳ ಸಂಖ್ಯೆಯ ಸ್ಥಳದಲ್ಲಿ 01 ಎಂದಿತ್ತು! ಅಂದರೆ ಆ ದೇಶಗಳನ್ನು ಒಮ್ಮೆ ಹೊಕ್ಕು ಹೊರಬಿದ್ದರೆ ಮುಗಿಯಿತು. ಲಂಡನ್ನಿನಿಂದ ಮರಳಿ ಬ್ರಸೆಲ್ಸಿನ ರೈಲನ್ನೇರಲು ಬಿಡುವುದಿಲ್ಲ. ಮಗಳು ಒಂದು ದೇಶದಲ್ಲಿ, ಸಾಮಾನು ಅವಳ ಮನೆಯಲ್ಲಿ, ಭಾಷೆ ಬಾರದ ವೃದ್ಧರಿಬ್ಬರು ಇನ್ನೊಂದು ದೇಶದ ನಿಲ್ದಾಣದಲ್ಲಿ — ಈ ಚಿತ್ರವನ್ನು ನೆನೆದು ನಮ್ಮ ಎದೆ ಝಲ್ಲೆಂದಿತು.

ತರುಣನು ಎದೆಗುಂದಲಿಲ್ಲ. “ದಾರೀನೇ ತಿರುಗಿಸೋಣ್ರಿ. ಲಂಡನ್ ಕಡೀಗಿರಲಿ” ಎಂದನು. ಮೊದಲು ಮಗಳ ಮನೆಯಲ್ಲಿ ಎಲ್ಲ ದಿನಗಳನ್ನು ಕಳೆದು, ಕೊನೆಗೆ ಸಾಮಾನಿನೊಡನೆ ಲಂಡನ್ನಿಗೆ ಹೋಗಿ, ಅಲ್ಲಿಂದಲೇ ವಿಮಾನವೇರಿ ಹೈದರಾಬಾದಿಗೆ ಮರಳುವುದು. ಒಂದೇ ಪ್ರವೇಶ ಸಾಕಾಯಿತು. ಅಗ್ಗದ ದರದ ಮರುಪಯಣದ ರೈಲು ಟಿಕೆಟ್ಟುಗಳ ಹಣ ಮುಳುಗಿತು. ವಿಮಾನ ಬದಲಿಸಲು ಹೆಚ್ಚಿನ ಹಣ ತೆರಬೇಕಾಯಿತು. ಏಜೆಂಟರು ಕೈತೊಳೆದುಕೊಂಡರು. ಆದುದರಿಂದ ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ: ಮೊದಲು ವೀಸಾದ ಅಕ್ಷರಗಳನ್ನು ಓದಿರಿ, ಆಮೇಲೆ ಟಿಕೆಟ್ ಕೊಳ್ಳಿರಿ. ಹೋಗಿಬರುವ ವಿಚಾರವಿದ್ದರೆ ಅರ್ಜಿಯಲ್ಲಿಯೇ ಹಲವು ಪ್ರವೇಶದ ವೀಸಾ ಕೇಳಿರಿ.

ಇನ್ನುಳಿದದ್ದು ಅಕ್ಕನವರ ಪ್ರಶ್ನೆ. ಬೆಳ್ಳಿಯ ಕರಡಿಗೆಯು ಲೋಹವನ್ನು ಹುಡುಕುವ ಯಂತ್ರದಲ್ಲಿ ಸದ್ದು ಮಾಡುತ್ತದೆ, ಇಷ್ಟಲಿಂಗವಾದರೋ ಲೋಹದ್ದಲ್ಲ. ಪ್ರಯಾಣದ ದಿನ ಲಿಂಗವನ್ನು ಶುಭ್ರ ವಸ್ತ್ರದಲ್ಲಿ ಕಟ್ಟಿ ಧರಿಸಿ, ಕರಡಿಗೆಯನ್ನು ಚೀಲದಲ್ಲಿಡಿರೆಂದು ಹೇಳಿದೆವು. ನಮ್ಮ ಬಡ ಶರಣರು ತಲೆತಲಾಂತರದಿಂದ ಧರಿಸುತ್ತ ಬಂದದ್ದು ಹಾಗೆಯೇ ಅಲ್ಲವೆ? ಇದು ತನ್ನ ಧರ್ಮದ ಲಾಂಛನವೆಂದೂ, ದೇಹದಿಂದ ಬೇರ್ಪಡಿಸುವುದಿಲ್ಲವೆಂದೂ, ಮಹಿಳಾ ಸಿಬ್ಬಂದಿ ಮರೆಯಲ್ಲಿ ಪರೀಕ್ಷಿಸಬಹುದೆಂದೂ ಮಗಳು ಇಂಗ್ಲಿಷ್ ಮತ್ತು ಫ್ರೆಂಚಿನಲ್ಲಿ ಒಂದು ಚೀಟಿ ಬರೆದುಕೊಟ್ಟಳು.

ದಂಪತಿಗಳು ಕ್ಷೇಮವಾಗಿ ಮರಳಿದ್ದಾರೆ. ಬ್ರಸೆಲ್ಸಿನಲ್ಲಿ ಚೀಟಿ ಓದಿದ ಹೆಣ್ಣುಮಗಳು ವಸ್ತ್ರದ ಮೇಲಿಂದಲೇ ಮುಟ್ಟಿ ನೋಡಿ, ನಕ್ಕು ಕೈಮುಗಿದಳಂತೆ. ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದಲ್ಲಿ ಇಳಿದು, ನೆಲದಡಿಯ ವಿಕ್ಟೋರಿಯಾ ಮಾರ್ಗದಲ್ಲಿ ವಾಕ್ಸ್‌ಹಾಲಿನವರೆಗೆ ಹೋಗಿ, ನದಿಯ ದಡದಲ್ಲಿ ನಡೆದು ಬಸವಣ್ಣನವರ ಮುಂದೆ ನಿಂತರು. ಅಲ್ಲಿಯೇ ಒಂದು ಪೀಠದ ಮೇಲೆ ಕುಳಿತು ರೊಟ್ಟಿ ಮುರಿದರಂತೆ.

ಈ ಪ್ರಸಂಗವನ್ನು ನೆನೆವಾಗ ನಮ್ಮ ದೇಶದ ಗಡಿ ದಾಟುತ್ತಿದ್ದ ರೈಲುಗಳೂ ನೆನಪಾಗುತ್ತವೆ. 1976ರಲ್ಲಿ ಆರಂಭವಾದ ಸಂಝೌತಾ ರೈಲು 2019ರಲ್ಲಿ ನಿಂತಿತು. 2008ರಲ್ಲಿ ಕೋಲ್ಕತ್ತ-ಢಾಕಾ ನಡುವೆ ಹೊರಟ ಮೈತ್ರಿ ರೈಲಿನ ಓಡಾಟವು 2024ರ ಜುಲೈಯಲ್ಲಿ ಸ್ಥಗಿತಗೊಂಡಿತು. ಬಿಹಾರದ ಜಯನಗರದಿಂದ ನೇಪಾಳದತ್ತ 2022ರಲ್ಲಿ ರೈಲು ಓಡತೊಡಗಿದ್ದು ಸಮಾಧಾನದ ಸಂಗತಿ. ಗಣಕಯಂತ್ರವು ದಾರಿಯನ್ನು ತೋರೀತು. ಬಾಗಿಲು ತೆರೆಯಬೇಕಾದುದು ಮಾನವರ ಮನಸ್ಸು.

ಶರಣರ ಕಾಲದಲ್ಲಿ ದೂರದ ಕಾಶ್ಮೀರ, ಸೌರಾಷ್ಟ್ರಗಳಿಂದಲೂ ಜನ ಕಲ್ಯಾಣಕ್ಕೆ ಬಂದರೆಂದು ಪರಂಪರೆ ಹೇಳುತ್ತದೆ. ಕೇಳುತ್ತ ಕೇಳುತ್ತ ಅವರು ದಾರಿ ಕಂಡುಕೊಂಡಿರಬೇಕು. ನಮ್ಮ ಮನೆಗಳ ಹಿರಿಯರೂ ಕೇಳಲು ನಾಚಬಾರದು. ಕಿರಿಯರು ಹೇಳಲು ಬೇಸರಿಸಬಾರದು. ಔರಾದಿನ ಆ ತರುಣನಿಗೆ ಕೂಲಿಯೆಂದು ಹಣ ಕೊಡಹೋದಾಗ ಅವನು, “ನಮ್ಮೂರಿಗೂ ರೈಲು ಬರಲಿ ಅಂತ ಹರಸ್ರಿ, ಸಾಕು” ಎಂದನು. ಮನಸಾರೆ ಹರಸಿದೆವು.